ಪಾಯಿಂಟಲ್ಲಿ ನಾಳೆ ಅಲೆ ಇದ್ಯಾ? ಮೂರು ಸೀಸನ್ ಲೆಕ್ಕ ಬರೆದಿಟ್ಟ ಮೇಲೆ

"ನೀನೇನು ಹವಾಮಾನ ಇಲಾಖೆಯವನಾ ಮಾರಾಯ" ಅಂತ ಮೂರು ವರ್ಷ ಆಡ್ಕೊಂಡವರೇ ಈಗ ಶುಕ್ರವಾರ ಸಾಯಂಕಾಲ ಆದ್ರೆ ಸಾಕು "ನಾಳೆ ಹೆಂಗೆ?" ಅಂತ ಮೆಸೇಜ್ ಹಾಕ್ತಾರೆ. ಒಬ್ಬೊಬ್ಬರಿಗೆ ಹೇಳ್ತಾ ಕೂರೋಕೆ ಆಗಲ್ಲ, ಅದಕ್ಕೇ ಒಂದು ಸಲ ಬರೆದು ಹಾಕ್ಬಿಡ್ತೀನಿ. ನಾನು ಅಂಕೋಲದವನು, ಗೋವಾಕ್ಕೆ ಬಂದಿದ್ದು 2017ರಲ್ಲಿ, ಉತ್ತರ ಗೋವಾದಲ್ಲಿ ಸರ್ಫಿಂಗ್ ಬೋರ್ಡ್ ಬಾಡಿಗೆಗೆ ಕೊಡೋದು, ಬೆಂಗಳೂರು ಹುಬ್ಬಳ್ಳಿ ಕಡೆಯಿಂದ ಬರೋರಿಗೆ ಕಲಿಸೋದು, ಇಷ್ಟೇ ನನ್ನ ಹೊಟ್ಟೆಪಾಡು. ಪಾಯಿಂಟ್ (ಗುಡ್ಡದ ಮೂಲೆ ಸುತ್ತಿ ಅಲೆ ಒಡೆಯೋ ಜಾಗ) ಯಾವ್ದು ಅಂತ ಅಲ್ಲಿ ಕೂರೋರಿಗೆ ಗೊತ್ತು, ಗೊತ್ತಿಲ್ದೋರಿಗೆ ಹೆಸರು ಹೇಳಲ್ಲ, ಈಗ್ಲೇ ಭಾನುವಾರ ಇಪ್ಪತ್ತೈದು ಜನ ಒಂದೇ ಬಂಡೆ ಮೂಲೆಲಿ ಕಚ್ಚಾಡ್ತಿರ್ತಾರೆ. ಕೊಲ್ಲಿಯ ದಕ್ಷಿಣದ ತುದಿ, ಜಂಬಿಟ್ಟಿಗೆ ಗುಡ್ಡ ಸಮುದ್ರಕ್ಕೆ ಇಳಿಯೋ ಜಾಗ, ಲೆಫ್ಟ್ ಒಡೆಯುತ್ತೆ, ಅಂದ್ರೆ ಅಲೆ ಮೇಲಿರೋನ ಎಡಕ್ಕೆ. ಇಷ್ಟು ಸಾಕು.

ಮೊದಲ ಸೀಸನ್ ನಾನೂ ಎಲ್ಲರ ಹಾಗೇ ಅಲೆ ಮುನ್ಸೂಚನೆ ಆ್ಯಪಲ್ಲಿ ಮೇಲಿರೋ ದೊಡ್ಡ ನಂಬರ್, ಅಲೆ ಎತ್ತರದ್ದು, ನೋಡಿ ಬುಕಿಂಗ್ ತಗೋತಿದ್ದೆ. ಒಂದೂವರೆ ಮೀಟರ್ ಅಂದ್ರೆ ಖುಷಿ, ಅರ್ಧ ಮೀಟರ್ ಅಂದ್ರೆ ಮಲಗೋದು. ಆ ವರ್ಷ ಒಂದು ವೀಕೆಂಡ್‌ಗೆ ಆ್ಯಪ್ 1.8 ಮೀಟರ್ ತೋರಿಸ್ತು ಅಂತ ಬೆಂಗಳೂರಿನ ಒಂದು ಆಫೀಸ್ ಗ್ಯಾಂಗ್‌ಗೆ, ಹದಿನಾಲ್ಕು ಜನ, "ಬನ್ನಿ ಬನ್ನಿ, ಪಾಯಿಂಟ್ ಕೆಲಸ ಮಾಡುತ್ತೆ" ಅಂದ್ಬಿಟ್ಟೆ. ರಾತ್ರಿಯೆಲ್ಲ ಗಾಡಿ ಓಡಿಸ್ಕೊಂಡು ಬಂದ್ರು ಪಾಪ. ಬೆಳಿಗ್ಗೆ ನೋಡಿದ್ರೆ ಪಾಯಿಂಟಲ್ಲಿ ಕೆರೆ ನೀರು, ಅಲೆ ಎಲ್ಲ ಗುಡ್ಡದ ಮುಂದಿಂದ ನೇರ ದಾಟಿ ಆಚೆ ಬೀಚಲ್ಲಿ ಧಡಾರ್ ಅಂತ ಕ್ಲೋಸ್‌ಔಟ್ ಆಗ್ತಿದೆ, ಉದ್ದಕ್ಕೂ ಒಂದೇ ಸಲಕ್ಕೆ ಮುರಿದು ಬೀಳ್ತಿದೆ. ತಲೆಗೆ ಸಾವಿರದ ಎಂಟುನೂರೋ ಏನೋ ತಗೊಂಡಿದ್ದೆ, ಎಲ್ಲಾ ವಾಪಸ್, ಮೇಲೆ ಚಾ ತಿಂಡಿ ನನ್ನ ಲೆಕ್ಕದಲ್ಲಿ. ಇಪ್ಪತ್ತೈದು ಸಾವಿರದ ಮೇಲೆ ಹೋಯ್ತು. ಮುಲ್ಕಿ ಕಡೆಯ ನನ್ನ ಪಾರ್ಟ್ನರ್ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ "ಅಣ್ಣ, ನಾವು ಅಲೆ ಮಾರೋದಲ್ಲ, ಬೋರ್ಡ್ ಬಾಡಿಗೆ ಕೊಡೋದು, ನೆನಪಿರ್ಲಿ" ಅಂದ.

ಆಮೇಲೆ ಅರವತ್ತು ರೂಪಾಯಿದು ಒಂದು ಲಾಂಗ್ ನೋಟ್‌ಬುಕ್ ತಂದೆ. ದಿನಾ ಬೆಳಿಗ್ಗೆ ಒಂದೇ ಜಾಗ, ಗುಡ್ಡದ ಮೇಲಿನ ಶಿಲುಬೆ ಪಕ್ಕ ನಿಂತು ಇಪ್ಪತ್ತು ನಿಮಿಷ ನೋಡೋದು: ಅಲೆ ಎಷ್ಟು (ಮೊಣಕಾಲು, ಸೊಂಟ, ಎದೆ, ತಲೆ, ಅಷ್ಟೇ ಅಳತೆ, ಅಡಿ ಇಂಚು ಬೇಡ), ಎಷ್ಟು ನಿಮಿಷಕ್ಕೊಂದು ಸೆಟ್ (ಒಟ್ಟಿಗೆ ಬರೋ ಅಲೆಗಳ ಗುಂಪು), ಯಾವ ಕಲ್ಲು ನೀರಿನ ಮೇಲಿದೆ, ಗಾಳಿ ಎಲ್ಲಿಂದ. ಎದುರು ಪುಟದಲ್ಲಿ ಮಾಡೆಲ್, ಅಂದ್ರೆ ಆ್ಯಪ್ ಹಿಂದಿನ ಕಂಪ್ಯೂಟರ್ ಲೆಕ್ಕ, ಏನು ಹೇಳಿತ್ತು ಅನ್ನೋದು. ಕಂಪ್ಯೂಟರ್‌ಗೆ ಹಾಕು ಅಂತ ಎಲ್ಲರೂ ಹೇಳಿದ್ರು, ಒದ್ದೆ ಕೈಲಿ ಪೆನ್ಸಿಲ್ಲೇ ಸರಿ.

ಐದಾರು ತಿಂಗಳಾದ ಮೇಲೆ ಪುಟ ತಿರುಗಿಸ್ತಾ ಕೂತಾಗ ಕಣ್ಣಿಗೆ ಹೊಡೀತು. ಪಾಯಿಂಟ್ ಚೆನ್ನಾಗಿದ್ದ ದಿನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ಆ್ಯಪಿನ ದೊಡ್ಡ ನಂಬರ್ ಒಂದು ಮೀಟರ್‌ಗಿಂತ ಕಮ್ಮಿ! ಯಾಕಂದ್ರೆ ಆ ದೊಡ್ಡ ನಂಬರ್ ಎಲ್ಲಾ ಕಲೆಸಿದ ಚಿತ್ರಾನ್ನ. ಕೆಳಗೆ ಬಿಡಿಸಿ ನೋಡಿದ್ರೆ ಎರಡನೇ ಸ್ವೆಲ್ (ದೂರದ ಗಾಳಿ ಎಬ್ಬಿಸಿ ಇಲ್ಲಿಗೆ ಓಡಿ ಬರೋ ಅಲೆ), ಮೂರನೇ ಸ್ವೆಲ್ ಅಂತ ಸಾಲು ಇರುತ್ತಲ್ಲ, ಅದನ್ನ ಯಾರೂ ನೋಡಲ್ಲ, ಅಲ್ಲಿ ಸುಮ್ನೆ 0.5 ಮೀಟರ್ 16 ಸೆಕೆಂಡ್ ಅಂತ ಕಳ್ಳನ ಹಾಗೆ ಕೂತಿರುತ್ತೆ. ಆ ಸೆಕೆಂಡೇ ಪೀರಿಯಡ್, ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಹೊತ್ತು. ನಮ್ಮ ಪಾಯಿಂಟ್‌ಗೆ ಅದೇ ಊಟ. 8 ಸೆಕೆಂಡಿನ ಅಲೆಗೆ ತಳ ಸಿಗೋದು ಐವತ್ತು ಮೀಟರ್ ಆಳದಲ್ಲಿ, 16 ಸೆಕೆಂಡಿಂದಕ್ಕೆ ಇನ್ನೂರು ಮೀಟರಲ್ಲೇ ತಳ ಸಿಕ್ಕಿರುತ್ತೆ, ತಳ ತಾಗಿದ ಕಡೆ ಅಲೆ ನಿಧಾನ ಆಗುತ್ತೆ, ಹಾಗಾಗಿ ದಡಕ್ಕೆ ಬರೋ ಹೊತ್ತಿಗೆ ಅದು ಗುಡ್ಡ ಸುತ್ತಿ ಬಗ್ಗಿ ಒಳಗೆ ಬರುತ್ತೆ, ಚಿಕ್ಕ ಪೀರಿಯಡ್‌ದು ಮೂಗಿನ ನೇರಕ್ಕೆ ಹೋಗುತ್ತೆ. ಇದೆಲ್ಲ ನಿಮಗೆ ಗೊತ್ತಿರೋದೇ. ನನಗೂ ಓದಿ ಗೊತ್ತಿತ್ತು, ಆದ್ರೆ ಇಪ್ಪತ್ತೈದು ಸಾವಿರ ಕಳ್ಕೊಳ್ಳೋವರೆಗೆ ತಲೆಗೆ ಇಳಿದಿರಲಿಲ್ಲ.

ನಿಜ ಹೇಳ್ಬೇಕಂದ್ರೆ ಸೂಚನೆ ನಾನು ಬಂದ ವರ್ಷವೇ ಸಿಕ್ಕಿತ್ತು. 2017ರ ಡಿಸೆಂಬರ್ ಶುರು, ಓಖಿ ಚಂಡಮಾರುತ. ಗೋವಾದಿಂದ ಎಷ್ಟೋ ದೂರದಲ್ಲಿ ಹೋಯ್ತು, ನಮ್ಮಲ್ಲಿ ಹೇಳಿಕೊಳ್ಳೋವಂಥ ಗಾಳಿನೂ ಇಲ್ಲ, ಆದ್ರೆ ಹುಣ್ಣಿಮೆ ಭರತ ಅದರ ಜೊತೆ ಸೇರ್ಕೊಂಡು ನೀರು ಬೀಚ್ ಮೇಲಿನ ಶ್ಯಾಕ್ ಹೋಟೆಲ್‌ಗಳ ಒಳಗೇ ನುಗ್ತು. ನಾನು ಪ್ಲಾಸ್ಟಿಕ್ ಕುರ್ಚಿ ಹಿಡ್ಕೊಂಡು ಓಡಿದ್ದೇ ಓಡಿದ್ದು. ದೂರದಲ್ಲಿ ಆಗಿದ್ದು ಇಲ್ಲಿ ದಿನ ಬಿಟ್ಟು ಬರುತ್ತೆ ಅಂತ ಆವತ್ತೇ ಕಲೀಬೇಕಿತ್ತು.

ಎರಡನೇ ಸೀಸನ್ ದಿಕ್ಕಿನದು. ಪೀರಿಯಡ್ ನೋಡೋಕೆ ಶುರು ಮಾಡಿದ ಮೇಲೂ ಹತ್ತರಲ್ಲಿ ನಾಲ್ಕು ಸಲ ಮೋಸ ಹೋಗ್ತಿದ್ದೆ. ಬುಕ್ ನೋಡಿದ್ರೆ 200 ಡಿಗ್ರಿಗಿಂತ (ಉತ್ತರ ಸೊನ್ನೆ, ದಕ್ಷಿಣ 180 ಅಂತ ಲೆಕ್ಕ) ದಕ್ಷಿಣಕ್ಕೆ ವಾಲಿದ ಸ್ವೆಲ್ ಎಲ್ಲ ಇಲ್ಲಿ ಬರೋ ಹೊತ್ತಿಗೆ ಬಡಕಲಾಗಿರ್ತಿತ್ತು. ಮ್ಯಾಪ್ ತೆಗೆದು ಸ್ಕೇಲ್ ಇಟ್ಟೆ, ಸರಿಯಾಗಿ ಆ ಗೆರೆಯಲ್ಲಿ ಲಕ್ಷದ್ವೀಪ, ಅದರ ಕೆಳಗೆ ಮಾಲ್ಡೀವ್ಸ್ ಅಡ್ಡ ಕೂತಿವೆ. ಈಗ 205ರಿಂದ 220 ಒಳಗಿದ್ರೆ ಮಾತ್ರ ನಾನು ಬಾಯಿ ಬಿಡೋದು. ಅದರಲ್ಲೂ ಒಂದು ಡಿಗ್ರಿ ಇದೆ, ಅದು ಬಂದ್ರೆ ಒಳಗಿನ ಎರಡನೇ ಕಲ್ಲಿಂದ ಬೀಚಿನವರೆಗೂ ಒಂದೇ ಓಟ. ಅದು ಎಷ್ಟು ಅಂತ ಪಾರ್ಟ್ನರ್‌ಗೂ ಹೇಳಿಲ್ಲ.

ಅದೇ ವರ್ಷ ಒಂದು ಹುಚ್ಚು ಮಾಡ್ದೆ. ಮಾಡೆಲ್ ಎಲ್ಲ ಹೊರ ಸಮುದ್ರದ್ದು, ಅದರ ಒಂದೊಂದು ಚೌಕ ಇಪ್ಪತ್ತೈದು ಮೂವತ್ತು ಕಿಲೋಮೀಟರ್, ನಮ್ಮ ಗುಡ್ಡ ಅದಕ್ಕೆ ಕಾಣೋದೇ ಇಲ್ಲ, ನಾನೇ ಅಳೀತೀನಿ ಅಂತ ಪ್ರೆಶರ್ ಸೆನ್ಸರ್ ತರಿಸಿ ಪಿವಿಸಿ ಪೈಪಲ್ಲಿ ಹಾಕಿ ಎರಡೂ ಕಡೆ ಎಂ-ಸೀಲ್ ಮೆತ್ತಿ ಸಿಮೆಂಟ್ ಗಟ್ಟಿಗೆ ಕಟ್ಟಿ ಪಾಯಿಂಟ್ ಹೊರಗೆ ಇಳಿಸಿದೆ. ಎಲ್ಲಾ ಸೇರಿ ನಾಲ್ಕೂವರೆ ಸಾವಿರ ಇರ್ಬೇಕು. ಒಂಬತ್ತು ದಿನ ಇತ್ತು. ಹತ್ತನೇ ದಿನ ರಾಂಪಣ್ ಬಲೆ ಎಳೆಯೋರ ಬಲೆಗೆ ಬಂಗಡೆ ಜೊತೆ ಅದೂ ಬಂತು. ಅವರಲ್ಲಿ ವಯಸ್ಸಾದ ಅಜ್ಜ ಒಬ್ಬರು ಪೈಪ್ ಅಲ್ಲಾಡಿಸಿ, ಒಳಗೆ ಗಳಗಳ ನೀರು, "ಇದೇನು ಬಾಂಬಾ?" ಅಂತ ಕೇಳಿದ್ರು. ಬಲೆ ಹರಿದಿದ್ದಕ್ಕೆ ಒಂದು ಬಾಟ್ಲಿ ಫೆಣಿ ಕೊಟ್ಟು ಬಿಡಿಸ್ಕೊಂಡು ಬಂದೆ. ಡೇಟಾ ಒಂದು ಗೆರೆನೂ ಸಿಗ್ಲಿಲ್ಲ. ಗುಡ್ಡದ ಮೇಲೆ ಕಟ್ಟಿದ ಕ್ಯಾಮರಾದ್ದು ಇನ್ನೊಂದು ಕಥೆ, ಏಳೆಂಟು ಸಾವಿರದ್ದು, ಉಪ್ಪುಗಾಳಿ ತಿಂದಿದ್ದು ಅರ್ಧ, ಕೋತಿ ಕಿತ್ತಿದ್ದು ಅರ್ಧ.

ಆದ್ರೆ ಆ ಫೆಣಿ ದುಡ್ಡು ವಸೂಲಾಯ್ತು. ಅಜ್ಜನ ಜೊತೆ ಕೂತಾಗ (ನಮ್ಮ ಅಂಕೋಲ ಕೊಂಕಣಿ, ಅವರ ಗೋವಾ ಕೊಂಕಣಿ, ಅರ್ಧ ಅರ್ಥ ಆಗುತ್ತೆ, ಅರ್ಧ ನಗು) ಅವರು ಕೇಳಿದ್ದು ಒಂದೇ: "ನೀನು ತಿಥಿ ನೋಡ್ತೀಯಾ?" ಭರ್ತಿ ಸುಕ್ತಿ, ಅಂದ್ರೆ ಭರತ ಇಳಿತ, ಅವರು ಟೇಬಲ್ ನೋಡಿ ಹೇಳೋದಲ್ಲ, ಗೋಡೆ ಕ್ಯಾಲೆಂಡರ್ ನೋಡಿ ಹೇಳೋದು. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಇಲ್ಲಿ ಭರತ ಬೆಳಿಗ್ಗೆ ಹನ್ನೊಂದು ಹನ್ನೆರಡರ ಹೊತ್ತಿಗೆ, ಅಂದ್ರೆ ಐದೂವರೆಗೆ ಪೂರ್ತಿ ಇಳಿದ ನೀರು ಏಳರಿಂದ ಒಂಬತ್ತರವರೆಗೆ ಏರ್ತಾ ಇರುತ್ತೆ. ಪಾಯಿಂಟ್‌ಗೆ ಬೇಕಿರೋದೂ ಅದೇ. ಇಳಿತದಲ್ಲಿ ಕಲ್ಲು ಬೋರ್ಡ್ ಅಡಿಯ ಫಿನ್ ಮುರಿಯುತ್ತೆ, ಪೂರ್ತಿ ಭರತದಲ್ಲಿ ಅಲೆ ಗುಡ್ಡಕ್ಕೆ ಬಡಿದು ವಾಪಸ್ ಬಂದು ಎಲ್ಲಾ ಕಲಕಿಬಿಡುತ್ತೆ. ಅಷ್ಟಮಿ ಹತ್ತಿರ ಆದ್ರೆ ಬೆಳಿಗ್ಗೆ ನೀರು ಇಳಿಯೋ ಹೊತ್ತು, ಏರಿಳಿತನೂ ಕಮ್ಮಿ, ಒಳ್ಳೆ ಸ್ವೆಲ್ ಬಂದ್ರೂ ಸಪ್ಪೆ. ಮೊರ್ಮುಗಾವ್ ಬಂದರಿನ ಭರತ ಇಳಿತದ ಟೇಬಲ್ ಈಗ್ಲೂ ನೋಡ್ತೀನಿ, ಅದರಲ್ಲಿ ಇಂತಿಷ್ಟು ಮೀಟರ್ ದಾಟಿದ ಮೇಲೆ ಅಂತ ಒಂದು ನಂಬರ್ ಇಟ್ಕೊಂಡಿದ್ದೀನಿ, ಅದು ನನ್ನ ಬುಕ್ಕಲ್ಲೇ ಇರ್ಲಿ. ಆದ್ರೆ ವೀಕೆಂಡ್ ಬುಕಿಂಗ್ ತಗೊಳ್ಳೋದು ಮಾತ್ರ ಕ್ಯಾಲೆಂಡರ್ ನೋಡಿಯೇ. ಊರಲ್ಲಿ ಅಮ್ಮನಿಗೆ ಇದೇ ಖುಷಿ, "ಅಂತೂ ಪಂಚಾಂಗ ನೋಡೋ ಬುದ್ಧಿ ಬಂತಲ್ಲ" ಅಂತ.

ಗಾಳಿದು ಸುಲಭ ಅಂದ್ಕೊಂಡಿದ್ದೆ. ಬೆಳಿಗ್ಗೆ ಮೂಡುಗಾಳಿ, ಆಫ್‌ಶೋರ್, ಅಂದ್ರೆ ನೆಲದಿಂದ ಕಡಲಿಗೆ, ಹನ್ನೊಂದರ ಮೇಲೆ ವಾಯುವ್ಯದಿಂದ ಕಡಲಗಾಳಿ ಬಂದು ಎಲ್ಲಾ ಹಾಳು, ಇಷ್ಟೇ ಅಲ್ವಾ. ಆದ್ರೆ ಕೆಲವು ದಿನ ಎಂಟಕ್ಕೇ ಕೆಡುತ್ತೆ, ಕೆಲವು ದಿನ ಹತ್ತೂವರೆವರೆಗೂ ಕನ್ನಡಿ. ಕೈಯಲ್ಲಿ ಹಿಡಿಯೋ ಗಾಳಿ ಮೀಟರ್ ತಗೊಂಡೆ, ಎರಡು ಸಾವಿರ ದಂಡ, ಈಗಿನ ಗಾಳಿ ಹೇಳುತ್ತೆ, ಎರಡು ಗಂಟೆ ಬಿಟ್ಟು ಏನು ಅಂತ ಹೇಳಲ್ಲ. ಈಗ ನಾನು ನೋಡೋದು ಸ್ಕೂಟರ್ ಸೀಟು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸೀಟ್ ಮೇಲೆ ಕೈ ಎಳೆದ್ರೆ ಅಂಗೈ ಪೂರ್ತಿ ಒದ್ದೆ ಆಗ್ಬೇಕು, ಹನಿ ಜಾರಿ ಫುಟ್‌ಬೋರ್ಡ್ ಮೇಲೆ ಬಿದ್ದಿರ್ಬೇಕು, ಆಗ ಮೂಡುಗಾಳಿ ಒಂಬತ್ತೂವರೆವರೆಗೆ ಗ್ಯಾರಂಟಿ. ಸೀಟ್ ಒಣಗಿದ್ರೆ ಮೇಲೆ ಮೋಡ ಇತ್ತು ಅಥವಾ ರಾತ್ರಿ ಗಾಳಿ ಆಡ್ತಿತ್ತು, ನೆಲ ತಣ್ಣಗಾಗಿಲ್ಲ ಅಂತ ಅರ್ಥ, ಆರೂವರೆಗೇ ನೀರಿಗಿಳೀರಿ. ಪಾರ್ಟ್ನರ್ ಇದಕ್ಕೆ ಬಿದ್ದೂ ಬಿದ್ದೂ ನಕ್ಕಿದ್ದ. ಈಗ ಅವನ ಸೀಟ್ ಅವನೇ ಮುಟ್ಟಿ ನೋಡ್ಕೋತಾನೆ, ನಾನು ಕಂಡಿಲ್ಲ ಅಂದ್ಕೊಂಡಿದ್ದಾನೆ.

ಚಳಿಗಾಲದಲ್ಲಿ ಅರಬ್ ದೇಶಗಳ ಕಡೆ ಬೀಸೋ ಶಮಾಲ್ ಗಾಳಿಯ ಸ್ವೆಲ್‌ಗೆ ನಮ್ಮ ಪಾಯಿಂಟ್ ತಿರುಗಿನೂ ನೋಡಲ್ಲ, ಅದು ವಾಯುವ್ಯದ್ದು, ಏಳೆಂಟು ಸೆಕೆಂಡಿಂದು, ಕಲಿಯೋರಿಗೆ ಬೀಚ್ ಬ್ರೇಕಲ್ಲಿ (ಮರಳ ಮೇಲೆ ಅಲೆ ಒಡೆಯೋ ಕಡೆ) ಚೆನ್ನಾಗಾಗುತ್ತೆ. ಅದಕ್ಕೆ ನನ್ನ ಮಾಡೆಲ್ ದುಬೈಯಲ್ಲಿರೋ ಭಾವ. ಅವರು ಧೂಳುಗಾಳಿ ಫೋಟೋ ಸ್ಟೇಟಸ್ ಹಾಕಿದ್ರೆ ಎರಡು ಮೂರು ದಿನಕ್ಕೆ ಇಲ್ಲಿ ಸೊಂಟದ ಅಲೆ. ಮಳೆಗಾಲ ಬಿಡಿ, ಜೂನ್ ಒಂದರಿಂದ 61 ದಿನ ಯಾಂತ್ರಿಕ ದೋಣಿಗಳೇ ಇಳಿಯಲ್ಲ, ನಾವೇನು ದೊಡ್ಡವರು.

ಈಗ ಹೋದ ಅಕ್ಟೋಬರ್. ಒಂದು ಶನಿವಾರ ರಾತ್ರಿ ಮ್ಯಾಪಲ್ಲಿ ಕೆಳಗೆ ದಕ್ಷಿಣದ ಸಮುದ್ರ ನೋಡ್ತಾ ಇದ್ದೆ, ನಲವತ್ತೈದು ಐವತ್ತು ಡಿಗ್ರಿ ದಕ್ಷಿಣದಲ್ಲಿ ಬಿರುಗಾಳಿಯ ದೊಡ್ಡ ಕೆಂಪು ಮುದ್ದೆ, ಅದರ ಬಾಲ ನಮ್ಮ ಕಡೆಗೇ ತಿರುಗಿದೆ. ಲೆಕ್ಕ ಗೊತ್ತಲ್ಲ, ಪೀರಿಯಡ್‌ನ 2.8ರಿಂದ ಗುಣಿಸಿದ್ರೆ ಗಂಟೆಗೆ ಎಷ್ಟು ಕಿಲೋಮೀಟರ್ ಓಡುತ್ತೆ ಅಂತ ಬರುತ್ತೆ, 17 ಸೆಕೆಂಡ್ ಅಂದ್ರೆ 47–48, ದಾರಿ ಏಳು ಸಾವಿರ ಕಿಲೋಮೀಟರ್, ಆರು ದಿನ ಚಿಲ್ಲರೆ. ಮುಂದಿನ ಶನಿವಾರ ಮುಂಜಾನೆ. ಕ್ಯಾಲೆಂಡರ್ ನೋಡ್ದೆ, ಹುಣ್ಣಿಮೆಯ ಮಾರನೇ ದಿನ. ಕೈ ನಡುಗ್ತು ನಿಜವಾಗ್ಲೂ. ಭಾನುವಾರವೇ ಗ್ರೂಪಲ್ಲಿ ಹಾಕ್ದೆ, "ಶನಿವಾರ 7ರಿಂದ 9, ಎದೆ ಮಟ್ಟ, ಪಾಯಿಂಟ್." ಆ್ಯಪ್ ಆಗ 0.8 ಮೀಟರ್ 7 ಸೆಕೆಂಡ್ ಅಂತಿತ್ತು, ಎಲ್ಲರೂ ನಗೋ ಇಮೋಜಿ. ಒಬ್ಬರು "ಸ್ಕೂಟರ್ ಸೀಟ್ ಆರು ದಿನ ಮುಂಚೆನೇ ಹೇಳಿತಾ" ಅಂತ.

ಶುಕ್ರವಾರ ಮಧ್ಯಾಹ್ನ ಕೇರಳ ತೀರಕ್ಕೆ ಇನ್‌ಕಾಯಿಸ್‌ನವರ (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ) ಸ್ವೆಲ್ ಎಚ್ಚರಿಕೆ ಬಂತು, ಅಲ್ಲಿನವರು ಕಳ್ಳ ಕಡಲು ಅಂತಾರಲ್ಲ ಅದು. ಸಾಯಂಕಾಲ ಏಳೂವರೆಗೆ ವರ್ಕಲದ ದೋಸ್ತ್ ಫೋನ್, "ಬಂತು." ಅಲ್ಲಿ ಮುಟ್ಟಿದ ಮೇಲೆ ನಮಗೆ ಹತ್ತು ಹನ್ನೆರಡು ಗಂಟೆ. ರಾತ್ರಿ ಮೂರಕ್ಕೆ ಮುಲ್ಕಿಯಿಂದ ಪಾರ್ಟ್ನರ್‌ನ ತಮ್ಮ, "ಕತ್ತಲೆಲಿ ಸದ್ದು ಬೇರೆ ಥರ ಇದೆ ಅಣ್ಣ." ಮುಲ್ಕಿ ಅಂದ್ರೆ ಇನ್ನು ಮೂರ್ನಾಲ್ಕು ಗಂಟೆ. ಸೀಟ್ ಮುಟ್ಟಿ ನೋಡ್ದೆ, ಸ್ನಾನ ಮಾಡಿಸಿದ ಹಾಗಿತ್ತು.

ಆರೂಕಾಲಿಗೆ ಹನ್ನೊಂದು ಜನ ಗುಡ್ಡದ ಮೇಲೆ. ಕೆಳಗೆ ನೀರು ಎಣ್ಣೆ ಸುರಿದ ಹಾಗೆ ಮಟ್ಟಸ. ಆರೂವರೆ, ಏನಿಲ್ಲ. ಆರು ಮುಕ್ಕಾಲು, ಏನಿಲ್ಲ. ಇಬ್ಬರು ಬೋರ್ಡ್ ಎತ್ಕೊಂಡು ಗಾಡಿ ಕಡೆ ಹೊರಟ್ರು, ನಾನು ಬೀಡಿ ಹಚ್ಚಿದ್ದೆ, ಬಿಟ್ಟು ಎರಡು ವರ್ಷ ಆಗಿತ್ತು. ಏಳು ಹತ್ತಕ್ಕೆ ಹೊರಗಿನ ಕಲ್ಲಿನ ಹತ್ತಿರ ನೀರು ಸುಮ್ನೆ ಕೆಳಗೆ ಎಳ್ಕೊಂಡಿತು, ಕಪ್ಪು ಚಿಪ್ಪು ಅಂಟಿದ ಬುಡ ಕಾಣಿಸ್ತು, ಆಮೇಲೆ ಒಂದರ ಹಿಂದೆ ಒಂದು ಗೆರೆ, ಗುಡ್ಡ ಸುತ್ತಿ ಬಾಗಿ ಒಳಗೆ, ಏಳು ಅಲೆ ಎಣಿಸಿದೆ. ಎದೆ ಮಟ್ಟ, ದೊಡ್ಡದೊಂದು ಭುಜದ ಮಟ್ಟ. ಆಮೇಲೆ ಹನ್ನೆರಡು ಹದಿಮೂರು ನಿಮಿಷ ಮತ್ತೆ ಏನಿಲ್ಲ, ಮತ್ತೆ ಏಳು. ಗಾಡಿ ಹತ್ರ ಹೋದವರು ಓಡಿ ಬಂದ್ರು, ಒಬ್ಬನ ಲೀಶ್, ಬೋರ್ಡಿಗೆ ಕಟ್ಟೋ ಹಗ್ಗ, ಕಾಲಿಗೆ ಸಿಕ್ಕಿ ಗುಡ್ಡದ ಮೇಲೇ ಬಿದ್ದ.

ಅವತ್ತಿಂದ ಈಚೆಗೆ ಹತ್ತರಲ್ಲಿ ಏಳು ಸರಿ ಬರ್ತಿದೆ, ಒಳ್ಳೆ ತಿಂಗಳು ಎಂಟು. ತಪ್ಪೋದೆಲ್ಲ ಹೆಚ್ಚುಕಮ್ಮಿ ಒಂದೇ ಥರ, ಸ್ವೆಲ್ ಆರು ಗಂಟೆ ಲೇಟಾಗಿ ಬಂದು ಮಧ್ಯಾಹ್ನ ಕಡಲಗಾಳಿಲಿ ಹಾಳಾಗೋದು, ಅದಕ್ಕಿನ್ನೂ ಮದ್ದು ಸಿಕ್ಕಿಲ್ಲ. ಈ ಸೀಸನ್ ರೀಫಂಡ್ ಕೊಟ್ಟಿದ್ದು ಒಟ್ಟು ಮೂರು ಸಾವಿರದ ಚಿಲ್ಲರೆ ಅಷ್ಟೇ.

ಮುಂದಿನ ವಾರದ್ದು: ಬುಧವಾರದವರೆಗೆ ಪಾಯಿಂಟಲ್ಲಿ ಏನೂ ಇಲ್ಲ, ಬೀಚಲ್ಲಿ ಮೊಣಕಾಲು. ಗುರುವಾರ ರಾತ್ರಿ ಹೊಸ ಸ್ವೆಲ್ ಮೂಗು ತೂರಿಸುತ್ತೆ, 16 ಸೆಕೆಂಡ್, 210 ಡಿಗ್ರಿ. ಶುಕ್ರವಾರ ಅಮಾವಾಸ್ಯೆ, ಬೆಳಿಗ್ಗೆ 7ರಿಂದ 9.15. ಸೊಂಟದಿಂದ ಎದೆ. ಚಪ್ಪಲಿ ಮೇಲೇ ಬಿಡ್ಬೇಡಿ, ಕೋತಿ ಒಯ್ಯುತ್ತೆ.