ಹಳೆಯ ಪಿಕಪ್‌ನ ವೀಲ್ ಕ್ಯಾಪ್ ನೆಗ್ಗದಂತೆ ಬಿಚ್ಚುವುದು
ಹಳೆಯ ಪಿಕಪ್‌ಗಳ ವೀಲ್ ಕ್ಯಾಪ್ ತೆಳುವಾದ ತಗಡಿನದಾಗಿದ್ದು, ಸಾಮಾನ್ಯವಾಗಿ ಚಕ್ರದ ಮೇಲಿನ ಕೆಲವೇ ಉಬ್ಬುಗಳ ಅಥವಾ ಸ್ಪ್ರಿಂಗ್ ಕ್ಲಿಪ್‌ಗಳ ಹಿಡಿತದಲ್ಲಿ ನಿಂತಿರುತ್ತದೆ; ಆದ್ದರಿಂದ ಒಂದೇ ಕಡೆ ಸ್ಕ್ರೂಡ್ರೈವರ್ ತೂರಿಸಿ ಬಲವಾಗಿ ಮೀಟಿದರೆ ಅಂಚು ಮಡಚಿಕೊಳ್ಳುತ್ತದೆ, ಅದನ್ನು ಮತ್ತೆ ನೆಟ್ಟಗೆ ಮಾಡಿದರೂ ಗುರುತು ಉಳಿಯುತ್ತದೆ. ಅಗಲ ಬಾಯಿಯ ಚಪ್ಪಟೆ ಮೀಟುಗೋಲಿಗೆ ಬಟ್ಟೆ ಸುತ್ತಿ, ಕ್ಲಿಪ್ ಇರುವ ಜಾಗದ ಪಕ್ಕದಲ್ಲೇ ತೂರಿಸಿ ತುಸುವೇ ತಿರುಚಿ, ಅಂಚು ಕೂದಲೆಳೆಯಷ್ಟು ಮೇಲೆದ್ದೊಡನೆ ಮುಂದಿನ ಕ್ಲಿಪ್ಪಿಗೆ ಸಾಗಬೇಕು. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ.

ಕ್ಯಾಪಿಗಿಂತ ಹೆಚ್ಚು ಎಚ್ಚರ ಬೇಕಾಗುವುದು ಸುತ್ತಲಿನ ಟ್ರಿಮ್ ರಿಂಗಿಗೆ (ಚಕ್ರದ ಹೊರ ಅಂಚಿಗೆ ಕೂರಿಸುವ ಅಲಂಕಾರದ ಲೋಹದ ಬಳೆಗೆ) ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ಓರೆಯಾಗಿ ತಿರುಗಿದರೆ ಅದರ ಹರಿತವಾದ ಅಂಚು ಗಾಳಿ ತುಂಬುವ ವಾಲ್ವಿನ ರಬ್ಬರನ್ನು ಕೊಯ್ದುಬಿಡಬಹುದು. ದಪ್ಪ ಕೈಗವಸು ಧರಿಸಿ, ಸುತ್ತಲೂ ಸಮನಾಗಿ ಎಬ್ಬಿಸಿದ ಮೇಲೆ ನೇರವಾಗಿ ಹೊರಗೆಳೆಯಿರಿ. ಮರಳಿ ಕೂರಿಸುವಾಗ ರಬ್ಬರ್ ಸುತ್ತಿಗೆಯಿಂದ ಅಂಚನ್ನಷ್ಟೇ ತಟ್ಟಬೇಕೇ ಹೊರತು ನಡುಭಾಗವನ್ನಲ್ಲ.