ಮೊದಲು ಅಂಪೈರ್, ಆಮೇಲೆ ಬ್ಯಾಟ್

ಉಡುಪಿ ಹತ್ತಿರದ ಒಂದು ಶಾಲೆಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡುತ್ತೇನೆ. ಬರುವವರಿಗೆಲ್ಲ ಬ್ಯಾಟೇ ಬೇಕು. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಹಾಗೆ ಆಗಬೇಕು ಅನ್ನುವವರು ಬೇಕಾದಷ್ಟು ಉಂಟು. 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದಾಗ ಅಂಪೈರ್ ಆಗಿ ನಿಂತವರಲ್ಲಿ ಒಬ್ಬರು ನಮ್ಮ ಕರ್ನಾಟಕದ ಎ.ವಿ. ಜಯಪ್ರಕಾಶ್. ಅವರ ಹಾಗೆ ಆಗ್ತೇನೆ ಅಂದ ಮಗು ನನಗೆ ಇನ್ನೂ ಸಿಕ್ಕಿಲ್ಲ.

ಹಾಗಾಗಿ ಒಂದು ಕಟ್ಟಳೆ ಮಾಡಿದೆ. ಬ್ಯಾಟ್ ಬೇಕಾದವರು ಮೊದಲು ಎರಡು ಓವರ್ ಅಂಪೈರ್ ನಿಲ್ಲಬೇಕು. ಎಡ ಜೇಬಿನಲ್ಲಿ ಆರು ಹುಣಸೆ ಬೀಜ. ಒಂದು ಸರಿಯಾದ ಬಾಲ್ ಆದರೆ ಒಂದು ಬೀಜ ಬಲ ಜೇಬಿಗೆ. ವೈಡ್, ನೋಬಾಲ್ ಆದರೆ ಬೀಜ ಅಲ್ಲೇ ಇರಲಿ. ಯಾರೂ ಅಪೀಲ್ ಮಾಡದಿದ್ದರೆ ಬೆರಳು ಎತ್ತುವ ಹಾಗಿಲ್ಲ. ಇದು ನಾನು ಮಾಡಿದ್ದಲ್ಲ, ಕ್ರಿಕೆಟ್ ನಿಯಮವೇ ಹಾಗೆ.

ರನೌಟ್‌ನಲ್ಲಿ ಜಗಳ ಜಾಸ್ತಿ. ಗೆರೆಯ ಮೇಲೆ ಬ್ಯಾಟ್ ಇದ್ದರೆ ಸೇಫ್ ಅಂತ ಎಲ್ಲರೂ ನಂಬಿರುತ್ತಾರೆ. ಸೇಫ್ ಅಲ್ಲ, ಗೆರೆ ದಾಟಿ ಒಳಗೆ ನೆಲ ಮುಟ್ಟಿರಬೇಕು. ಸ್ಟಂಪ್‌ನಿಂದ 1.22 ಮೀಟರ್ ಅಳೆದು ಸುಣ್ಣದ ಗೆರೆ ಎಳೆದು, ಬ್ಯಾಟ್ ಇಟ್ಟು ತೋರಿಸಿದ ಮೇಲೆ ಸುಮ್ಮನಾಗುತ್ತಾರೆ.

ಎಲ್‌ಬಿಡಬ್ಲ್ಯೂಗೆ, ಅಂದರೆ ಸ್ಟಂಪ್‌ಗೆ ಹೋಗುವ ಚೆಂಡು ಕಾಲಿಗೆ ಬಡಿದು ಔಟ್ ಆಗುವುದಕ್ಕೆ, ಸ್ಟಂಪ್‌ನಿಂದ ಸ್ಟಂಪ್‌ಗೆ ಹಗ್ಗ ಕಟ್ಟಿ, ಚೆಂಡನ್ನು ಕೈಯಲ್ಲೇ ಇಟ್ಟು ಕೇಳುತ್ತೇನೆ. ಲೆಗ್ ಸ್ಟಂಪ್‌ನ ಹೊರಗೆ ಪಿಚ್ ಆಯಿತಾ? ಹಾಗಾದರೆ ಔಟಿಲ್ಲ, ಮುಂದೆ ಯೋಚಿಸುವುದೇ ಬೇಡ. ಮೊದಲು ಬ್ಯಾಟ್‌ಗೆ ತಾಗಿತಾ? ಆಫ್ ಸ್ಟಂಪ್‌ನ ಹೊರಗೆ ಕಾಲಿಗೆ ಬಡಿಯಿತಾ, ಆಗ ಶಾಟ್ ಆಡಿದನಾ? ಕೊನೆಗೆ, ಸ್ಟಂಪ್‌ಗೆ ಹೋಗ್ತಿತ್ತಾ? ಮಕ್ಕಳು ಹಾರುವುದೇ ಆ ಕೊನೆಯ ಪ್ರಶ್ನೆಗೆ. ಟಿವಿ ನೋಡಿದ್ದರ ಫಲ.

ತಂತ್ರದ ಪಾಠ ಮಾತ್ರ ಮಳೆಗಾಲಕ್ಕೆ. ಜೂನ್ ಬಂತೆಂದರೆ ನಮ್ಮ ಮೈದಾನ ಗದ್ದೆಯೇ ಸೈ. ಶಾಲೆಯ ಜಗಲಿಯಲ್ಲಿ ಚಾಕ್‌ನಿಂದ ದೊಡ್ಡ ವೃತ್ತ ಬರೆದು, ಒಂಬತ್ತು ಕೇರಂ ಕಾಯಿ ಕೊಡುತ್ತೇನೆ. ಬೌಲರ್, ಕೀಪರ್ ಬಿಟ್ಟು ಒಂಬತ್ತು ಜನ ಅಲ್ವಾ? ಬೌಲರ್ ಎಲ್ಲಿ ಹಾಕ್ತಾನೆ ಅಂತ ಮೊದಲು ಹೇಳಬೇಕು, ಆಮೇಲೆ ಕಾಯಿ ಇಡಬೇಕು. ಆಫ್ ಸ್ಟಂಪ್ ಹೊರಗೆ ಹಾಕ್ತಾನೆ ಅಂತ ಹೇಳಿ, ಆರು ಕಾಯಿ ಅದರ ಎದುರು ಬದಿಯ ಲೆಗ್ ಸೈಡ್‌ಗೆ ಇಡುವ ಕ್ಯಾಪ್ಟನ್‌ಗಳು ಇರುತ್ತಾರೆ.

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಬೌನ್ಸರ್ ಹಾಕಿಸ್ತೇನೆ ಅಂದ. ಫೈನ್ ಲೆಗ್, ಲಾಂಗ್ ಲೆಗ್, ಲೆಗ್ ಸ್ಲಿಪ್ ಮೂರೂ ಕಡೆ ಕಾಯಿ ಇಟ್ಟ. ಯೋಚನೆ ಚೆನ್ನಾಗಿಯೇ ಇತ್ತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಏಳನೇ ಕ್ಲಾಸಿನ ಹುಡುಗಿ ಒಂದು ಕೈ ಅಡ್ಡ ಚಾಚಿ, "ನೋಬಾಲ್ ಮಾರಾಯ" ಅಂದಳು. ಬಾಲ್ ಹಾಕುವ ಹೊತ್ತಿಗೆ ಲೆಗ್ ಸೈಡ್‌ನಲ್ಲಿ ಪಾಪಿಂಗ್ ಕ್ರೀಸ್‌ನ, ಅಂದರೆ ಬ್ಯಾಟ್ಸ್‌ಮನ್ ಮುಂದಿನ ಆ ಸುಣ್ಣದ ಗೆರೆಯ ಹಿಂದೆ, ಕೀಪರ್ ಬಿಟ್ಟು ಇಬ್ಬರಿಗಿಂತ ಜಾಸ್ತಿ ಇರುವಂತಿಲ್ಲ. ಅವಳು ಸ್ಕ್ವೇರ್ ಲೆಗ್‌ನಲ್ಲಿ, ಬ್ಯಾಟ್ಸ್‌ಮನ್‌ನ ಪಕ್ಕಕ್ಕೆ ಅಂಪೈರ್ ಆಗಿ ನಿಂತು ನಿಂತು ಕಲಿತದ್ದು. ಹುಡುಗ ಸ್ವಲ್ಪ ಹೊತ್ತು ಕಾಯಿ ನೋಡಿದ. ಲೆಗ್ ಸ್ಲಿಪ್ ತೆಗೆದು ಡೀಪ್ ಮಿಡ್ ವಿಕೆಟ್‌ಗೆ ಸರಿಸಿದ. ಮೊದಲಿನದಕ್ಕಿಂತ ಒಳ್ಳೆಯ ಫೀಲ್ಡ್ ಆಯಿತು. ಅಂಪೈರ್ ಕೆಲಸ ಮೊದಲು ಕಲಿಸುವುದು ಇದಕ್ಕೇ. ಏನು ಮಾಡಬಾರದು ಅಂತ ಗೊತ್ತಿದ್ದರೆ ಏನು ಮಾಡಬಹುದು ಅಂತ ತಾನಾಗಿ ಹೊಳೆಯುತ್ತದೆ.

ಮಳೆ ನಿಂತ ಮೇಲೆ ಗಾಳಿಯ ಪಾಠ. ಇಲ್ಲಿ ಮಧ್ಯಾಹ್ನ ಕಳೆದರೆ ಮಲ್ಪೆ ಕಡೆಯಿಂದ, ಅಂದರೆ ಪಡುವಣದಿಂದ ಸಮುದ್ರದ ಗಾಳಿ ಬೀಸುತ್ತದೆ. ನಿಧಾನ ಹಾಕುವವರನ್ನು ಗಾಳಿಗೆ ಎದುರಾಗಿ ಹಾಕಿಸಿದರೆ ಟೆನಿಸ್ ಬಾಲ್ ಗಾಳಿಯಲ್ಲೇ ತಡೆದು ಬೀಳುತ್ತದೆ, ಬ್ಯಾಟ್ಸ್‌ಮನ್ ಬೇಗ ಬೀಸಿಬಿಡುತ್ತಾನೆ. ಟಾಸ್‌ಗೆ ಮೊದಲು ತೆಂಗಿನ ಗರಿ ಯಾವ ಕಡೆ ಹಾರ್ತಿದೆ ನೋಡಿ ಬಾ ಅಂತ ಕ್ಯಾಪ್ಟನ್‌ನನ್ನು ಕಳಿಸುತ್ತೇನೆ.

ಈ ವರ್ಷ ಸ್ಕೋರಿಂಗ್ ಕೂಡ ಸೇರಿಸಿದ್ದೇನೆ. ಅಂಪೈರ್ ಸಿಗ್ನಲ್ ಕೊಟ್ಟರೆ ಸ್ಕೋರರ್ ಕೈ ಎತ್ತಬೇಕು, ಅಲ್ಲಿಯವರೆಗೆ ಮುಂದಿನ ಬಾಲ್ ಇಲ್ಲ. ಸದ್ಯ ಬ್ಯಾಟ್‌ಗೆ ತಾಗದೆ ಬಂದ ರನ್, ಅಂದರೆ ಬೈ, ಲೆಗ್ ಬೈ ಎರಡೂ ಬ್ಯಾಟ್ಸ್‌ಮನ್ ಲೆಕ್ಕಕ್ಕೇ ಹೋಗ್ತಾ ಇವೆ. ಬ್ಯಾಟ್ಸ್‌ಮನ್‌ಗಳಿಂದ ಇನ್ನೂ ದೂರು ಬಂದಿಲ್ಲ.