ಸ್ಟ್ರೆಚಿಂಗ್ ಬಿಟ್ಟ ಮೇಲೆ ಹಿಡಿತಕ್ಕೆ ಬಂದ ಗ್ಲೂಟಿಯಲ್ ಟೆಂಡನ್ ನೋವು: ನನ್ನ ಅನುಭವ

ಸೊಂಟದ ಪಕ್ಕದ ಮೂಳೆಯ ಮೇಲೆ ಬೆರಳಿಟ್ಟು ನೋವು ತೋರಿಸುವ, ರಾತ್ರಿ ಆ ಮಗ್ಗುಲಿಗೆ ಮಲಗಲಾರದ ರೋಗಿಗಳಿಗೆ ಐಟಿ ಬ್ಯಾಂಡ್ (ಸೊಂಟದಿಂದ ಮಂಡಿಯವರೆಗೆ ತೊಡೆಯ ಹೊರಬದಿಯಲ್ಲಿರುವ ದಪ್ಪ ಪಟ್ಟಿ) ಸ್ಟ್ರೆಚಿಂಗ್ ಹೇಳಿಕೊಡುವುದನ್ನು ನಾನು ನಿಲ್ಲಿಸಿದಾಗ ಜೊತೆಯ ಫಿಸಿಯೋಥೆರಪಿಸ್ಟರು ನಕ್ಕಿದ್ದರು. ಈಗ ಅವರಲ್ಲೇ ಕೆಲವರು ಹಟ ಹಿಡಿದ ನೋವಿನವರನ್ನು ನನ್ನ ಬಳಿಗೆ ಕಳಿಸುತ್ತಾರೆ.

ಇಂಥವರ ಹಳೆಯ ಚೀಟಿಗಳಲ್ಲಿ ಬಹುಪಾಲು ‘ಬರ್ಸೈಟಿಸ್’ (ಮೂಳೆಯ ಮೇಲಿನ ದ್ರವದ ಚೀಲದ ಉರಿಯೂತ) ಎಂದೇ ಇರುತ್ತದೆ. ಎಂಆರ್‌ಐ ನೋಡಿದರೆ ಹೆಚ್ಚಿನ ಸಲ ಕೆಟ್ಟಿರುವುದು ತೊಡೆಮೂಳೆಯ ಮೇಲ್ತುದಿಯ ಹೊರಗುಬ್ಬಾದ ಗ್ರೇಟರ್ ಟ್ರೊಕ್ಯಾಂಟರಿಗೆ ಅಂಟಿಕೊಳ್ಳುವ, ಗ್ಲೂಟಿಯಸ್ ಮೀಡಿಯಸ್ ಎಂಬ ಪೃಷ್ಠದ ಸ್ನಾಯುವಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ), ಕೆಲವೊಮ್ಮೆ ಅದರ ಮುಂದಿರುವ ಮಿನಿಮಸ್ ಟೆಂಡನ್. ತೊಡೆ ದೇಹದ ನಡುಗೆರೆಯನ್ನು ದಾಟಿ ಒಳಸರಿದಷ್ಟೂ ಐಟಿ ಬ್ಯಾಂಡ್ ಬಿಗಿದು ಟೆಂಡನ್ನನ್ನು ಮೂಳೆಗೆ ಒತ್ತುವುದರಿಂದ, ಸ್ಟ್ರೆಚಿಂಗ್ ಮಾಡಿಸಿದರೆ ಆ ಒತ್ತಡವನ್ನು ನಾವೇ ಹೆಚ್ಚಿಸಿದಂತಾಗುತ್ತದೆ. ವಾರಗಟ್ಟಲೆ ಎಳೆದು ಎಳೆದು ನೋವು ಹೆಚ್ಚಿಸಿಕೊಂಡು ಬಂದವರನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಹೀಗಾಗಿ ವ್ಯಾಯಾಮಕ್ಕೆ ಮೊದಲು ನಿಲುವನ್ನು ತಿದ್ದುತ್ತೇನೆ: ಒಂದೇ ಕಾಲಿಗೆ ಭಾರ ಹಾಕಿ ಸೊಂಟ ವಾಲಿಸಿ ನಿಲ್ಲಬಾರದು, ಕಾಲ ಮೇಲೆ ಕಾಲು ಹಾಕಿ ಕೂರಬಾರದು, ಮಗ್ಗುಲಾಗಿ ಮಲಗಿದರೆ ಮಂಡಿಯಿಂದ ಪಾದದವರೆಗೂ ನಡುವೆ ದಿಂಬಿರಬೇಕು. ಕುತೂಹಲಕ್ಕೆಂದು ಎರಡು ತೂಕದ ಯಂತ್ರಗಳನ್ನು ಪಕ್ಕಪಕ್ಕ ಇಟ್ಟು ಒಂದೊಂದರ ಮೇಲೆ ಒಂದೊಂದು ಪಾದ ಇಡಿಸಿ ನೋಡಿದ್ದುಂಟು. ಸಮವಾಗಿಯೇ ನಿಂತಿದ್ದೇನೆ ಎನ್ನುವವರಲ್ಲೂ ಐದಾರು ಕಿಲೋ ಒಂದು ಕಡೆಗೆ ವಾಲಿರುತ್ತಿತ್ತು. ಮುಳ್ಳು ಕಣ್ಣಿಗೆ ಕಂಡ ಮೇಲೆ ಅವರು ಮಾತು ಕೇಳುತ್ತಾರೆ. ಆಮೇಲೆ ಐಸೊಮೆಟ್ರಿಕ್ (ಕೀಲು ಅಲುಗಿಸದೆ ಸ್ನಾಯು ಬಿಗಿಯುವುದು), ಬ್ರಿಡ್ಜ್ (ಅಂಗಾತ ಮಲಗಿ ಸೊಂಟ ಎತ್ತುವುದು), ಪಕ್ಕದ ಹೆಜ್ಜೆ, ಕೊನೆಗೆ ಒಂಟಿ ಕಾಲಿನ ಸ್ಕ್ವಾಟ್. ರಾತ್ರಿ ನೋವು ಏರಿದರೆ ಮರುದಿನ ಭಾರ ಇಳಿಯುತ್ತದೆ. ಭಾರ ಏರಿಸುವ ನನ್ನ ಲೆಕ್ಕಾಚಾರವನ್ನು ಮಾತ್ರ ಇಲ್ಲಿ ಬಿಡಿಸಿಡುವುದಿಲ್ಲ.

ಹಣದ ಮಾತಿಗೆ ಬಂದರೆ ಇದು ನಷ್ಟದ ದಾರಿ. ನೋವಿನ ಜಾಗಕ್ಕೆ ಒತ್ತಡದ ಅಲೆ ಹಾಯಿಸುವ, ಸಾಲ ಮಾಡಿ ತಂದ ಶಾಕ್‌ವೇವ್ ಯಂತ್ರಕ್ಕೆ ಕೆಲಸ ಕಡಿಮೆಯಾಯಿತು, ಕಂತು ಕಡಿಮೆಯಾಗಲಿಲ್ಲ. ರೋಗಿ ಬರುವ ಸರದಿಗಳೂ ಸುಮಾರು ಅರ್ಧಕ್ಕಿಳಿದವು. ಯಂತ್ರ ಹಚ್ಚದೆ ಶುಲ್ಕ ಏಕೆ ಎಂದು ಕೇಳಿದವರೂ ಇದ್ದಾರೆ.

ಸ್ಟೆರಾಯ್ಡ್ ಇಂಜೆಕ್ಷನ್ನೇ ಮೇಲು ಎಂದು ವಾದಿಸುವವರಿಗೆ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂದ ಲೀಪ್ ಅಧ್ಯಯನವನ್ನು ತೋರಿಸುತ್ತೇನೆ. ಅದರಲ್ಲಿ ಎಂಟು ವಾರಕ್ಕೆ ತಿಳಿವಳಿಕೆ ಮತ್ತು ವ್ಯಾಯಾಮದ ಗುಂಪಿನಲ್ಲಿ ಶೇ. 77ರಷ್ಟು ಮಂದಿ ಸುಧಾರಿಸಿದರೆ, ಇಂಜೆಕ್ಷನ್ ಪಡೆದವರಲ್ಲಿ ಶೇ. 58ರಷ್ಟು, ಸುಮ್ಮನೆ ಕಾದವರಲ್ಲಿ ಶೇ. 29ರಷ್ಟು ಮಂದಿ ಸುಧಾರಿಸಿದ್ದರು. ನನ್ನವರಲ್ಲಿ ನೆನಪಿನಿಂದ ಹೇಳುವುದಾದರೆ ನಾಲ್ವರಲ್ಲಿ ಮೂವರು ಮೂರು ತಿಂಗಳೊಳಗೆ ನೆಮ್ಮದಿಯಾಗಿ ನಿದ್ದೆ ಮಾಡತೊಡಗುತ್ತಾರೆ. ಒಂಟಿ ಕಾಲಲ್ಲಿ ನಿಂತೊಡನೆ ಎದುರು ಬದಿಯ ಸೊಂಟ ಜಾರಿ, ಮಗ್ಗುಲಾಗಿ ಮಲಗಿ ಕಾಲೆತ್ತಲೂ ಆಗದವರಲ್ಲಿ ಟೆಂಡನ್ ಪೂರ್ತಿ ಹರಿದಿರುವ ಸಾಧ್ಯತೆ ಇರುವುದರಿಂದ, ಅಂಥವರನ್ನು ಕಾಯಿಸದೆ ಸ್ಕ್ಯಾನ್‌ಗೂ ಮೂಳೆ ಶಸ್ತ್ರವೈದ್ಯರ ಬಳಿಗೂ ಕಳಿಸುತ್ತೇನೆ.